ಟೋಕನ್ ಅಣ್ಣನವರಿಗೆ ಒಂದು ಬಿನ್ನವತ್ತಳೆ

ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಕುರ್ಚಿ ಸಿಗದೆ ಮೆಟ್ಟಿಲ ಮೇಲೆ ಕೂತಿರುವ ಜ್ವರಪೀಡಿತರೇ, ಕೆಳಗಡೆ ಮೆಡಿಕಲ್ ಸ್ಟೋರಿನಿಂದಲೇ 'ಯಾವ ನಂಬರ್ ನಡೀತಿದೆ?' ಎಂದು ಕೂಗುತ್ತಿರುವ ಬಂಧುಗಳೇ, ದಪ್ಪ ಬ್ಯಾಗು ಹಿಡಿದು ಗೋಡೆಗೊರಗಿ ನಿಂತಿರುವ ಮೆಡಿಕಲ್ ರೆಪ್ ಮಹಾಶಯರೇ,

ಆಹ್ವಾನಪತ್ರಿಕೆಯಲ್ಲಿ 7 ಗಂಟೆಗೆಂದು ಅಚ್ಚಾಗಿದ್ದ ಈ ಸಮಾರಂಭ ಎಂಟೂಕಾಲಿಗೆ ಶುರುವಾಗುತ್ತಿದೆ. ಅದಕ್ಕೆ ಕ್ಷಮೆ ಕೇಳುವುದಿಲ್ಲ. ನಾವಿಂದು ಸನ್ಮಾನಿಸುತ್ತಿರುವುದು ಜಯನಗರದ ಸಂಜೆ ಕ್ಲಿನಿಕ್ಕೊಂದರ ಕಾಂಪೌಂಡರ್ ಅಣ್ಣನವರನ್ನು. ಹೇಳಿದ ಹೊತ್ತಿಗೇ ಶುರುಮಾಡಿದ್ದರೆ ಅವರಿಗೆ ಅವಮಾನ ಮಾಡಿದಂತಾಗುತ್ತಿತ್ತು.

ಪೂಜ್ಯರೇ, ತಮ್ಮ ಕೀರ್ತಿಗೆ ಮೂಲ ಆ ಉದ್ದ ನೋಟ್‌ಬುಕ್ಕು. ರಟ್ಟು ಕಿತ್ತುಹೋಗಿದೆ. ಟ್ವೈನ್ ದಾರಕ್ಕೆ ಕಟ್ಟಿದ ಬಾಲ್‌ಪೆನ್ನು ಮೇಜಿನಂಚಿಗೆ ನೇತಾಡುತ್ತಿರುತ್ತದೆ. ಎಡಗಡೆ 1ರಿಂದ 40ರವರೆಗೆ ನಂಬರು, ಬಲಗಡೆ ಹೆಸರು. ಮೊದಲ 5 ಸಾಲು ಮಾತ್ರ ಸದಾ ಖಾಲಿ. ಕೋಳಿ ಕೂಗುವ ಹೊತ್ತಿಗೆ ಬಂದು ಬಾಗಿಲಲ್ಲಿ ಕೂತವನಿಗೂ ಸಿಗುವುದು 6ನೇ ನಂಬರೇ. ಬಿಲ್ಡಿಂಗ್ ಓನರ್ರು, ಓನರ್ ಅವರ ಅತ್ತೆ, ಡಾಕ್ಟರ ಷಡ್ಡಕ, ತಮ್ಮ ಊರ ಕಡೆಯವರು ಯಾರೋ ಒಬ್ಬರು, ಹೀಗೆ ನಾಲ್ವರ ಲೆಕ್ಕ ನಮಗೆ ಸಿಕ್ಕಿದೆ. ಐದನೆಯವರು ಯಾರೆಂಬುದು ಇಡೀ ಬಡಾವಣೆಗೆ ಗೊತ್ತಾಗಿಲ್ಲ.

'ಹೆಸರು ಬರೆಸಲು ಬೆಳಿಗ್ಗೆ 9ರಿಂದ 10' ಎಂದು ಬೋರ್ಡಿನಲ್ಲಿದೆ. ಆ ಒಂದು ಗಂಟೆ ಫೋನು ಪೂರಾ ಎಂಗೇಜು. ಹತ್ತೂಕಾಲಿಗೆ ರಿಂಗಾಗುತ್ತದೆ. 'ನಂಬರ್ ಮುಗೀತು ಸಾರ್. ಸುಮ್ನೆ ಎಂಟೂವರೆಗೆ ಬಂದ್ಬಿಡಿ, ನೋಡೋಣ.' ಅಷ್ಟು ಹೇಳಿ ತಾವು ಫೋನಿಡುತ್ತೀರಿ. ಅತ್ತ ಸಾರಕ್ಕಿಯಲ್ಲೋ ಬಿಟಿಎಂ ಲೇಔಟಿನಲ್ಲೋ ಒಂದು ಮನೆಯ ರಾತ್ರಿ ಅಡುಗೆ, ಮಗುವಿನ ಟ್ಯೂಷನ್ನು, ಅಜ್ಜಿಯ ಮಾತ್ರೆಯ ಹೊತ್ತು ಎಲ್ಲವೂ ಅದಲುಬದಲಾಗುತ್ತವೆ. ಸಂಜೆ ಬಂದು 'ಡಾಕ್ಟ್ರು ಎಲ್ಲಿದ್ದಾರಣ್ಣಾ?' ಎಂದರೆ 'ಸೌತ್ ಎಂಡ್ ಸರ್ಕಲ್ ಬಿಟ್ಟಿದ್ದಾರೆ' ಎನ್ನುತ್ತೀರಿ. ಮುಕ್ಕಾಲು ಗಂಟೆ ಬಿಟ್ಟು ಕೇಳಿದರೂ ಅವರು ಸೌತ್ ಎಂಡ್ ಸರ್ಕಲ್ಲನ್ನೇ ಬಿಟ್ಟಿರುತ್ತಾರೆ.

ಇಂಗ್ಲೆಂಡಿನವರ ವಿಷಯ ಕೇಳಿ. ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 2022ರ ಅಕ್ಟೋಬರಿನಿಂದ ಒಂದು ಕಟ್ಟಳೆ ಮಾಡಿತು. ವಾರದ ದಿನಗಳಲ್ಲಿ ಸಂಜೆ 6.30ರಿಂದ 8ರವರೆಗೆ, ಶನಿವಾರ 9ರಿಂದ 5ರವರೆಗೂ ಜನರಿಗೆ ಅಪಾಯಿಂಟ್‌ಮೆಂಟ್ ಸಿಗಬೇಕು ಎಂದು. ಅವರಿಗೆ ಅದು ಹೆಚ್ಚುವರಿ ಸೇವೆ. ಇಲ್ಲಿ ಆರೂವರೆಗೆ ತಾವು ಷಟರ್ ಎತ್ತಿ ಕಸ ಗುಡಿಸಿ ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತೀರಿ. ಅವರ ಹೆಚ್ಚುವರಿ ಹೊತ್ತು ಮುಗಿದರೂ ನಮ್ಮ ಡಾಕ್ಟರು ಬಂದಿರುವುದಿಲ್ಲ.

ಸರ್ಕಾರವನ್ನೂ ನೆನೆಯೋಣ. 2022ರ ಡಿಸೆಂಬರಿನಲ್ಲಿ 'ನಮ್ಮ ಕ್ಲಿನಿಕ್' ಯೋಜನೆಗೆ ಚಾಲನೆ ಸಿಕ್ಕಿತು. ಬೆಂಗಳೂರಿಗೆ ವಾರ್ಡಿಗೊಂದರಂತೆ 243 ಎಂದು ಆಗಿನ ಲೆಕ್ಕ. ತಪಾಸಣೆ, ಮಾತ್ರೆ, ಪರೀಕ್ಷೆ ಎಲ್ಲ ಪುಕ್ಕಟೆ. ಒಳ್ಳೆಯ ಕೆಲಸ, ಇದನ್ನು ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಆದರೆ ಶುರುವಿನಲ್ಲಿ ಗೊತ್ತುಮಾಡಿದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30. ಆ ಹೊತ್ತಿಗೆ ಗಾರ್ಮೆಂಟ್ಸಿನ ಹೆಣ್ಣುಮಗಳು ಇನ್ನೂ ಮಿಷನ್ನಿನ ಮುಂದಿರುತ್ತಾಳೆ. ಅರ್ಧ ದಿನದ ಕೂಲಿ ಬಿಟ್ಟು ಬಂದರೆ ಪುಕ್ಕಟೆ ಮಾತ್ರೆಯೇ ದುಬಾರಿ. ಎಲೆಕ್ಟ್ರಾನಿಕ್ ಸಿಟಿಯವನು ಮೀಟಿಂಗಿನಲ್ಲಿ ಕೆಮ್ಮುತ್ತಿರುತ್ತಾನೆ. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಬಂದ ಮೇಲೆ ಅವನು ಸಿಲ್ಕ್ ಬೋರ್ಡಿನ ಟ್ರಾಫಿಕ್ಕನ್ನು ಮೇಲಿನಿಂದ ನೋಡಿಕೊಂಡೇ ಬಂದು ಆರ್.ವಿ. ರೋಡಿನಲ್ಲಿ ಇಳಿಯುತ್ತಾನೆ. ದಾರಿಯಲ್ಲಿ ಉಳಿಸಿದ ಹೊತ್ತನ್ನೆಲ್ಲ ತಂದು ತಮ್ಮ ಬೆಂಚಿನ ಮೇಲೆ ಖರ್ಚು ಮಾಡುತ್ತಾನೆ.

ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಓದಿದ ಹುಡುಗರು 2008ರಲ್ಲಿ ನಮ್ಮ ಬೆಂಗಳೂರಿನಲ್ಲೇ ಪ್ರ್ಯಾಕ್ಟೊ ಶುರುಮಾಡಿದರು. ಆಮೇಲೆ ಡಾಕ್ಟರ ಅಪಾಯಿಂಟ್‌ಮೆಂಟ್ ಕೊಡಿಸುವ ಇನ್ನೆಷ್ಟೋ ಆ್ಯಪುಗಳು ಬಂದವು. ಇನ್ನು ನೋಟ್‌ಬುಕ್ಕಿನ ಕಾಲ ಮುಗಿಯಿತೆಂದು ಈ ಬೆಂಚಿನಲ್ಲೂ ಕೆಲವರು ಹಿಗ್ಗಿದ್ದುಂಟು. ಮೊನ್ನೆ ಒಬ್ಬ ಹುಡುಗ, ಕೊರಳಲ್ಲಿ ಇನ್ನೂ ಆಫೀಸಿನ ಐಡಿ ಕಾರ್ಡು, ಮೊಬೈಲ್ ಮುಂದೆ ಹಿಡಿದು 'ನಂದು 7.10ರ ಸ್ಲಾಟು' ಎಂದ. ತಾವು ಆ ಮೊಬೈಲನ್ನು ಎರಡೂ ಕೈಯಲ್ಲಿ ತಗೊಂಡಿರಿ. ಕನ್ನಡಕ ಹಣೆಗೇರಿಸಿ ಮೇಲಿನಿಂದ ಕೆಳಗಿನವರೆಗೆ ಓದಿದಿರಿ. ಗೌರವದಿಂದ ಹಿಂದಿರುಗಿಸಿ, ನೋಟ್‌ಬುಕ್ಕಿನಲ್ಲಿ 23 ಎಂದು ಬರೆದುಕೊಂಡಿರಿ. ಹುಡುಗ ಬೆಂಚಿನ ತುದಿಯಲ್ಲಿ ಕೂತ. ನಾವೆಲ್ಲ ಸ್ವಲ್ಪ ಸ್ವಲ್ಪ ಸರಿದು ಜಾಗ ಕೊಟ್ಟೆವು.

ಇನ್ನೊಂದು ಸಂಗತಿಯೂ ಈ ಬಿನ್ನವತ್ತಳೆಯಲ್ಲಿ ದಾಖಲಾಗಬೇಕು. ಒಂದು ರಾತ್ರಿ ಹಿರಿಯರೊಬ್ಬರು ಮೆಟ್ಟಿಲು ಹತ್ತಿ ಬಂದು 31ನೇ ನಂಬರು ಬರೆಸಿದರು. 'ಗ್ಯಾಸ್ಟ್ರಿಕ್ ಇರ್ಬೇಕು, ಕಾಯ್ತೀನಿ ಬಿಡಪ್ಪ' ಎಂದು ಕೂತರು. ಫ್ಯಾನಿನ ಕೆಳಗೇ ಕೂತಿದ್ದರೂ ಅವರ ಹಣೆಯ ಮೇಲೆ ಬೆವರು. ಬಲಗೈಯಲ್ಲಿ ಎಡತೋಳನ್ನು ನೀವಿಕೊಳ್ಳುತ್ತಿದ್ದರು. ಪಕ್ಕದಲ್ಲೇ ಕೂತಿದ್ದ ನಮಗೆ ಅದು ಕಾಣಲಿಲ್ಲ. ನಾವು ಟಿವಿಯಲ್ಲಿ ಸೌಂಡಿಲ್ಲದೆ ಓಡುತ್ತಿದ್ದ ಧಾರಾವಾಹಿ ನೋಡುತ್ತಿದ್ದೆವು. ತಾವು ಪೆನ್ನು ಕೈಬಿಟ್ಟು, ಪರದೆ ಸರಿಸಿ ನುಗ್ಗಿ, 9ನೇ ನಂಬರಿನವರ ನಾಲಿಗೆ ನೋಡುತ್ತಿದ್ದ ಡಾಕ್ಟರನ್ನು ಹೊರಗೆ ಕರೆತಂದಿರಿ. ಡಾಕ್ಟರು ಅವರಿಗೆ ಒಂದು ಮಾತ್ರೆ ಅಗಿಯಲು ಕೊಟ್ಟರು. ತಾವು ಕೆಳಗೋಡಿ ಆಟೋ ನಿಲ್ಲಿಸಿ, ಮೀಟರ್ ಗೀಟರ್ ಮಾತಾಡದೆ ಅವರನ್ನು ಹತ್ತಿಸಿಕೊಂಡು ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೊರಟಿರಿ. ಯಾವ ಆ್ಯಪಿನಲ್ಲೂ ಬೆವರಿಗೆಂದು ಬಟನ್ ಇಟ್ಟಿಲ್ಲ. ಆ ರಾತ್ರಿ ಸರದಿ ತಪ್ಪಿತೆಂದು ಬೆಂಚಿನವರು ಯಾರೂ ಚಕಾರವೆತ್ತಲಿಲ್ಲ, 'ಬರೀ ರಿಪೋರ್ಟ್ ತೋರಿಸ್ಬೇಕಿತ್ತು' ಎನ್ನುತ್ತ ನಿಂತಿದ್ದ ಒಬ್ಬರನ್ನು ಬಿಟ್ಟು.

ಈಗ ಸನ್ಮಾನ. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಅಣ್ಣನವರಿಗೂ ಶುಗರ್ ಇರುವುದರಿಂದ ಬುಟ್ಟಿಯಲ್ಲಿ ಸೀಬೆಕಾಯೇ ಹೆಚ್ಚು. ಹಾರ ಹಾಕುವವರು ನಂಬರ್ ಪ್ರಕಾರ ಬನ್ನಿ. ಸೆಲ್ಫಿ ಮಾತ್ರ ಬೇಕಿರುವವರು 'ಒಂದ್ನಿಮಿಷ ಅಷ್ಟೇ' ಎಂದು ಮಧ್ಯೆ ನುಗ್ಗಬೇಡಿ. ಖಾರಾಬಾತು, ಕಾಫಿ ಹಿಂದುಗಡೆ ಇದೆ. ನಾಳೆ ಬೆಳಿಗ್ಗೆ ಫಾಸ್ಟಿಂಗ್ ಟೆಸ್ಟ್ ಇರುವವರು ದಯವಿಟ್ಟು ಮೊದಲು ತಿಂದು ಮುಗಿಸಿ.