ಎಂಎಂ ಮಹಾತ್ಮೆ

ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಮನುಷ್ಯನ ಯೋಗ್ಯತೆಯನ್ನು ಅಡಿ ಲೆಕ್ಕದಲ್ಲಿ ಅಳೆಯುತ್ತಿದ್ದರು. 30-40ರ ಸೈಟಿನವನಿಗೆ ಒಂದು ನಮಸ್ಕಾರ, 40-60ರವನಿಗೆ ಎರಡು. ಈಗ ಸೈಟಿನ ಮಾತೆತ್ತುವ ಧೈರ್ಯ ಯಾರಿಗೂ ಉಳಿದಿಲ್ಲವಾದ್ದರಿಂದ ಅಳತೆ ಎಂಎಂಗೆ ಇಳಿದಿದೆ. 50 ಎಂಎಂ ಲೆನ್ಸಿನವನು ಕೆಳಮಧ್ಯಮ ವರ್ಗ. 70-200ರವನು ಮರ್ಯಾದಸ್ಥ. 600ರವನು ಹತ್ತಿದರೆ ಸಫಾರಿ ಜೀಪಿನಲ್ಲಿ ಉಳಿದವರು ತಾವಾಗಿಯೇ ಸರಿದು ಜಾಗ ಬಿಡುತ್ತಾರೆ. ಬಿಡದವರಿಗೆ ಲೆನ್ಸಿನ ಹುಡ್ಡು ತಿವಿದು ಬುದ್ಧಿ ಹೇಳುತ್ತದೆ.

ಈ ವರ್ಣಾಶ್ರಮಕ್ಕೆ ಸರ್ಕಾರದ ಮುದ್ರೆಯೂ ಬಿದ್ದಿದೆ. ನಮ್ಮ ಅಭಯಾರಣ್ಯಗಳ ಟಿಕೆಟ್ ಕೌಂಟರಿನಲ್ಲಿ ಕ್ಯಾಮೆರಾ ಶುಲ್ಕವನ್ನು ಲೆನ್ಸಿನ ಅಳತೆ ನೋಡಿ ನಿಗದಿ ಮಾಡುತ್ತಾರೆ. ಉದ್ದ ಲೆನ್ಸಿಗೆ ಹೆಚ್ಚು ದುಡ್ಡು. ಅದರಲ್ಲಿ ತೆಗೆಯುವ ಚಿತ್ರ ಹೇಗಿರುತ್ತದೆಂದು ಇಲಾಖೆ ಕೇಳುವುದಿಲ್ಲ. ಕೇಳುವ ಪದ್ಧತಿಯಿದ್ದಿದ್ದರೆ ಶುಲ್ಕದ ಜೊತೆಗೆ ದಂಡವನ್ನೂ ವಸೂಲು ಮಾಡಬಹುದಿತ್ತು.

ಈ ಏಣಿ ಹತ್ತುವ ಕ್ರಮ ಎಲ್ಲರದ್ದೂ ಒಂದೇ. ಮೊದಲು ಬಾಡಿಯ ಜೊತೆ ಪೆಟ್ಟಿಗೆಯಲ್ಲೇ ಬರುವ 18-55 ಕಿಟ್ ಲೆನ್ಸ್. ಮಕ್ಕಳ ಹುಟ್ಟುಹಬ್ಬ, ಊರಿನ ತೇರು, ತಂಗಿಯ ಗೃಹಪ್ರವೇಶ, ಮಳೆಗಾಲದ ಜೋಗ ಎಲ್ಲವೂ ಅದರಲ್ಲಿ ಸಲೀಸಾಗಿ ಬರುತ್ತವೆ. ಬೇಡದೆ ಬಂದದ್ದು, ಅಗ್ಗವಾದದ್ದು, ಕೆಲಸಕ್ಕೂ ಬರುವಂಥದ್ದು. ಇಂಥ ವಸ್ತುವಿಗೆ ನಮ್ಮಲ್ಲಿ ಎಂದಾದರೂ ಮರ್ಯಾದೆ ಸಿಕ್ಕಿದೆಯೇ? ಮೂರು ತಿಂಗಳಲ್ಲಿ ಅದು ಬೀರು ಸೇರುತ್ತದೆ. ಆ ಜಾಗಕ್ಕೆ 50 ಎಂಎಂ ಎಫ್ 1.8 ಬರುತ್ತದೆ. ಸಜ್ಜನರು ಇಲ್ಲಿಗೆ ನಿಲ್ಲಬೇಕು. ಆದರೆ ಅಷ್ಟರಲ್ಲಿ ಎಫ್ 1.2 ಎಂಬುದೊಂದು ಇದೆಯೆಂದು ಯಾರೋ ಕಿವಿಯಲ್ಲಿ ಊದಿರುತ್ತಾರೆ. ಆಮೇಲಿನದು ಮನೆ ಮನೆಯ ಸಂಭಾಷಣೆ.

“ಇದೂ 50, ಅದೂ 50. ಮತ್ಯಾಕ್ರೀ ಇನ್ನೊಂದು?”

“ಇದು 1.8 ಕಣೇ. ಅದು 1.2.”

“ಅಂದ್ರೆ ಹೊಸದು ಇನ್ನೂ ಕಮ್ಮಿದಾ?”

“ಕಮ್ಮಿ ಆದಷ್ಟೂ ಜಾಸ್ತಿ.”

“ಯಾವುದು ಜಾಸ್ತಿ?”

ಇಲ್ಲಿ ಯಜಮಾನರು ಬೆಳಕು ಎನ್ನುತ್ತಾರೆ. ಬೆಲೆ ಎನ್ನುವುದಿಲ್ಲ. ಅವರು ಹೇಳದ ಲೆಕ್ಕವನ್ನು ನಾವು ಹೇಳೋಣ. ಕ್ಯಾನನ್ ಆರ್‌ಎಫ್ ಸರಣಿಯ 50 ಎಂಎಂ ಎಫ್ 1.8 ತೂಗುವುದು 160 ಗ್ರಾಂ, ಎಫ್ 1.2 ತೂಗುವುದು 950 ಗ್ರಾಂ. ತೂಕ ಸುಮಾರು ಆರು ಪಟ್ಟು, ಬೆಲೆ ಹತ್ತು ಪಟ್ಟಿನ ಆಚೆ, ಒಳಗೆ ಬರುವ ಬೆಳಕು ಮಾತ್ರ ಎರಡೂಕಾಲು ಪಟ್ಟು. ಆ ಎರಡೂಕಾಲು ಪಟ್ಟಿಗೆ ಬದುಕುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಸ್ಟ್ಯಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಚಿತ್ರದ ಕೆಲವು ದೃಶ್ಯಗಳನ್ನು ಮೇಣದಬತ್ತಿಯ ಬೆಳಕಿನಲ್ಲೇ ತೆಗೆಯಬೇಕೆಂದು ಹಟ ಹಿಡಿದು, ನಾಸಾಗಾಗಿ ಮಾಡಿದ್ದ ಝೈಸ್ ಕಂಪನಿಯ ಎಫ್ 0.7 ಲೆನ್ಸನ್ನು ಹುಡುಕಿ ತಂದ. ನಮ್ಮ ಯಜಮಾನರು ತೆಗೆಯಬೇಕಾಗಿರುವುದು ನಾಮಕರಣ. ಸಮುದಾಯ ಭವನದಲ್ಲಿ ಎಂಬತ್ತು ಎಲ್‌ಇಡಿ ಬಲ್ಬು ಉರಿಯುತ್ತಿರುತ್ತವೆ.

ಎಫ್ 1.2ರ ಇನ್ನೊಂದು ಮಹಿಮೆ ಬೊಕೆ, ಅಂದರೆ ಹಿನ್ನೆಲೆ ಬೆಣ್ಣೆಯಾಗಿ ಕರಗುವುದು. 85 ಎಂಎಂ ಎಫ್ 1.2 ಹಿಡಿದು ಒಂದೂವರೆ ಮೀಟರ್ ದೂರದಿಂದ ಮುಖ ತೆಗೆದರೆ ಸ್ಪಷ್ಟವಾಗಿ ಸಿಗುವುದು ಸುಮಾರು ಎರಡು ಸೆಂಟಿಮೀಟರ್ ಆಳ. ಮುಖ ಸ್ವಲ್ಪ ಓರೆಯಾಗಿದ್ದರೆ ಒಂದು ಕಣ್ಣು ಸಿಕ್ಕಿತು, ಇನ್ನೊಂದು ಹೋಯಿತು, ಕಿವಿ ನೋಡುವವರ ಊಹೆಗೆ ಬಿಟ್ಟದ್ದು. ಮದುಮಗಳಿಗೆ ಸಾಲ ಮಾಡಿ ಮಾಡಿಸಿದ ಜುಮುಕಿ ಫೋಟೊದಲ್ಲಿ ಹಳದಿ ಹೊಗೆಯಾಗಿ ನಿಂತದ್ದನ್ನು ಕಂಡು ಅಜ್ಜಿ, “ಒಡವೆ ಎಲ್ಲೋ ಮಗಾ?” ಎಂದು ಕೇಳಿದರೆ, ಅದು ಕಲೆ ಎಂದು ಸಮಾಧಾನ ಹೇಳಬೇಕಾಗುತ್ತದೆ.

ಮುಂದಿನ ಮೆಟ್ಟಿಲು ತ್ರಿಮೂರ್ತಿಗಳದ್ದು: 16-35, 24-70, 70-200. ಮೂವರೂ ಎಫ್ 2.8. ಮೊದಲನೆಯದು ಸೃಷ್ಟಿ, ಎರಡನೆಯದು ಸ್ಥಿತಿ, ಮೂರನೆಯದು ಭುಜದ ಲಯ. ಕ್ಯಾನನ್ನಿನ ಇಎಫ್ ಸರಣಿಯಲ್ಲಿ ಮೂರೂ ಸೇರಿದರೆ 3 ಕಿಲೋ ದಾಟುತ್ತದೆ. ಬಾಡಿ, ಬ್ಯಾಟರಿ, ಟ್ರೈಪಾಡ್, ನೀರಿನ ಬಾಟಲಿ ಬೇರೆ. 16ರಿಂದ 200ರವರೆಗಿನ ಯಾವ ಎಂಎಂಗೂ ಕೊರತೆಯಿಲ್ಲ ಎಂಬ ನೆಮ್ಮದಿಯಲ್ಲಿ ನಮ್ಮ ಭಕ್ತ ಹೊರಡುತ್ತಾನೆ. ಒಂದೇ ತೊಡಕು: ಬೇಕಾದ ಎಂಎಂ ಯಾವಾಗಲೂ ಬ್ಯಾಗಿನಲ್ಲಿರುತ್ತದೆ, ಬೇಡದ್ದು ಕ್ಯಾಮೆರಾದಲ್ಲಿ.

ಮದುವೆ ಮಂಟಪದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಪುರೋಹಿತರು “ಗಟ್ಟಿಮೇಳ, ಗಟ್ಟಿಮೇಳ” ಎಂದು ಕೂಗುವ ಹೊತ್ತಿಗೆ ವರನ ಸೋದರಮಾವನ ಒಂದು ಕೈಯಲ್ಲಿ 70-200, ಇನ್ನೊಂದರಲ್ಲಿ 24-70, ಹಲ್ಲಿನ ನಡುವೆ ಲೆನ್ಸ್ ಕ್ಯಾಪು. ಬಾಡಿ ಬಾಯಿ ತೆರೆದುಕೊಂಡಿದೆ. ಅಕ್ಷತೆಯ ಅರಿಶಿನ ನೇರ ಸೆನ್ಸರಿಗೆ ಬೀಳುತ್ತದೆ. ತಾಳಿ ಕಟ್ಟಿ ಆಗಿರುತ್ತದೆ. ಇತ್ತ ಅದೇ ಮಂಟಪದಲ್ಲಿ ಫೋಟೊ ತೆಗೆದೇ ಮನೆ ನಡೆಸುವ ಹುಡುಗ ಎರಡು ಬಾಡಿ ತೂಗುಹಾಕಿಕೊಂಡು ನಿಂತಿರುತ್ತಾನೆ. ಒಂದಕ್ಕೆ 24-70, ಇನ್ನೊಂದಕ್ಕೆ 70-200. ಬೆಳಗಿನ ಕಾಶಿಯಾತ್ರೆಯಿಂದ ಆರತಕ್ಷತೆಯವರೆಗೆ ಅವನು ಲೆನ್ಸ್ ಬಿಚ್ಚುವುದಿಲ್ಲ. ದುಡ್ಡು ದುಡಿಯುವವನಿಗೆ ಎರಡು ಸಾಕು. ದುಡ್ಡು ಕಳೆಯುವವನಿಗೆ ಏಳೂ ಸಾಲದು.

ಮೈಸೂರಿನ ಜಂಬೂಸವಾರಿಯಲ್ಲೂ ಇದೇ ಕಥೆ. ಆನೆ 750 ಕಿಲೋ ಅಂಬಾರಿ ಹೊತ್ತು ಗಂಭೀರವಾಗಿ ನಡೆದುಹೋಗುತ್ತದೆ. 3 ಕಿಲೋ ಹೊತ್ತವನು ಜನಜಂಗುಳಿಯಲ್ಲಿ ಏದುಸಿರು ಬಿಡುತ್ತಾ ಬ್ಯಾಗಿನ ಜಿಪ್ಪು ಹುಡುಕುತ್ತಾನೆ. ಆನೆಗಿರುವ ಅನುಕೂಲವೇನೆಂದರೆ, ಅದು ನಡುದಾರಿಯಲ್ಲಿ ಅಂಬಾರಿ ಬದಲಾಯಿಸಬೇಕಿಲ್ಲ.

ಇನ್ನು ಸಾಕ್ಷಾತ್ ಕೈಲಾಸ, 600 ಎಂಎಂ ಎಫ್ 4. ಮುಂದಿನ ಗಾಜು 15 ಸೆಂಟಿಮೀಟರ್ ಅಗಲ, ತೂಕ 3 ಕಿಲೋ, ಬೆಲೆ ಹತ್ತು ಲಕ್ಷದ ಆಚೆ. ಕಬಿನಿಯ ನಸುಕಿನಲ್ಲಿ, ದೂರದ ಮತ್ತಿ ಮರದ ಕೊಂಬೆಯಲ್ಲಿ ಚಿರತೆ ಮಲಗಿದ್ದಾಗ, ಅದಕ್ಕೆ ಸಾಟಿಯಿಲ್ಲ. ಆದರೆ ಹುಲಿಗೆ ಆಪ್ಟಿಕ್ಸ್ ಗೊತ್ತಿಲ್ಲ. ಅದು ಒಮ್ಮೊಮ್ಮೆ ಜೀಪಿನಿಂದ 20 ಅಡಿ ದೂರದಲ್ಲೇ ದಾರಿ ದಾಟುತ್ತದೆ. ಅಷ್ಟು ಹತ್ತಿರದಲ್ಲಿ ಫುಲ್ ಫ್ರೇಮ್ ಕ್ಯಾಮೆರಾದ 600 ಎಂಎಂಗೆ ದಕ್ಕುವುದು ಸುಮಾರು 36 ಸೆಂಟಿಮೀಟರ್ ಅಗಲದ ದೃಶ್ಯ, ಅಂದರೆ ಒಂದು ಮೊಳಕ್ಕೂ ಕಡಿಮೆ ಹುಲಿ. ಪಕ್ಕದ ಸೀಟಿನಲ್ಲಿ 100-400 ಹಿಡಿದು ಕೂತ ಮಾಸ್ತರರಿಗೆ ಇಡೀ ಹುಲಿ ಸಿಗುತ್ತದೆ. ನಮ್ಮ ಹತ್ತು ಲಕ್ಷದವರಿಗೆ ಮೀಸೆ ಸಿಗುತ್ತದೆ. ರಂಗನತಿಟ್ಟಿನ ದೋಣಿಯಲ್ಲೂ ಹೀಗೇ. ಅಂಬಿಗ ಗೂಡಿನ ಬಂಡೆಗಳ ಹತ್ತಿರಕ್ಕೇ ಒಯ್ದು ನಿಲ್ಲಿಸುತ್ತಾನೆ. 600ರವರು “ಸ್ವಲ್ಪ ಹಿಂದೆ ತಗೊಳಪ್ಪಾ” ಎಂದು ಗೋಗರೆಯುತ್ತಾರೆ. ದೂರದ್ದನ್ನು ಹತ್ತಿರ ತರಲು ಲಕ್ಷ ಸುರಿದು, ಹತ್ತಿರದ್ದನ್ನು ದೂರ ತಳ್ಳಲು ಅಂಬಿಗನ ಕಾಲು ಹಿಡಿಯುವುದು ಈ ವೇದಾಂತದ ಕೊನೆಯ ಅಧ್ಯಾಯ.

ಅಲ್ಲ, ಕೊನೆಯ ಅಧ್ಯಾಯ ಟೆಲಿಕನ್ವರ್ಟರ್. 600 ಸಾಲದೆಂದು 2ಎಕ್ಸ್ ಸಿಕ್ಕಿಸಿದರೆ 1200 ಆಗುತ್ತದೆ, ಜೊತೆಗೆ ಎಫ್ 4 ಹೋಗಿ ಎಫ್ 8 ಆಗುತ್ತದೆ. ಯಾವ ಬೆಳಕಿಗೆಂದು ಲಕ್ಷಗಳನ್ನು ತೆತ್ತರೋ ಅದರ ಮುಕ್ಕಾಲು ಪಾಲು ಅಲ್ಲಿಗೆ ಸೋರಿಹೋಯಿತು. ಹೊತ್ತೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿ ದೂರದ ಪ್ರಾಣಿಯನ್ನು ನೀರಿನಲ್ಲಿ ಅಲುಗುವ ನೆರಳಿನಂತೆ ಮಾಡಿಬಿಡುತ್ತದೆ. ಅದನ್ನು ನಿಲ್ಲಿಸುವ ಲೆನ್ಸ್ ಯಾವ ಕಂಪನಿಯೂ ಮಾಡಿಲ್ಲ.

ಹಂಪಿಗೆ ಹೋದವರಿಗೆ ಬೇರೆ ಸಂಕಟ. 16 ಎಂಎಂ ಹಾಕಿ, ವಿರೂಪಾಕ್ಷನ ಗೋಪುರದ ಬುಡದಲ್ಲೇ ನಿಂತು ಕ್ಯಾಮೆರಾ ಎತ್ತಿದರೆ ಐನೂರು ವರ್ಷ ನೆಟ್ಟಗೆ ನಿಂತ ಗೋಪುರ ಹಿಂದಕ್ಕೆ ವಾಲುತ್ತದೆ. ಅದನ್ನು ಸರಿಪಡಿಸಲು ಟಿಲ್ಟ್-ಶಿಫ್ಟ್ ಎಂಬ ಮತ್ತೊಂದು ದುಬಾರಿ ಲೆನ್ಸಿದೆ. ರಥಬೀದಿಯಲ್ಲಿ ಹಿಂದಕ್ಕೆ ನಡೆದು ಕ್ಯಾಮೆರಾ ನೆಟ್ಟಗೆ ಹಿಡಿಯುವ ಉಪಾಯವೂ ಇದೆ. ಆದರೆ ಅದಕ್ಕೆ ಕಂತಿನ ಸೌಲಭ್ಯವಿಲ್ಲವಾದ್ದರಿಂದ ಯಾರೂ ಶಿಫಾರಸು ಮಾಡುವುದಿಲ್ಲ. ಅದೇ ದೇವಸ್ಥಾನದ ಒಳಗೆ, ಗೋಡೆಯ ಒಂದು ಕಿಂಡಿಯಿಂದ ಬರುವ ಬೆಳಕು ಎದುರು ಗೋಡೆಯ ಮೇಲೆ ಗೋಪುರದ ತಲೆಕೆಳಗಾದ ಬಿಂಬವನ್ನು ಶತಮಾನಗಳಿಂದ ಮೂಡಿಸುತ್ತಿದೆ. ಲೆನ್ಸೇ ಇಲ್ಲ. ಅದರ ಮುಂದೆ ನಿಂತು ಏಳು ಲೆನ್ಸಿನ ಬ್ಯಾಗು ಇಳಿಸಿ ಬೆವರು ಒರೆಸಿಕೊಳ್ಳುವವರನ್ನು ಕಂಡು ಶಿಲ್ಪಿಗಳು ನಕ್ಕಿರಬೇಕು.

ಹಾಗಾದರೆ ಬೀರುವಿನಲ್ಲಿ ಉಳಿದವು ಏನಾಗುತ್ತವೆ? ಅವುಗಳನ್ನು ಉಪಯೋಗಿಸುವವರು ಇದ್ದಾರೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕತ್ತಲೆ, ತೇವ, ನಿಶ್ಚಲತೆ ಮೂರೂ ಕೂಡಿದ ಕಡೆ ಫಂಗಸ್ ಸುಖವಾಗಿ ಸಂಸಾರ ಹೂಡುತ್ತದೆ. ಆಗುಂಬೆಗೆ ಹೋಗಿ ಕಪ್ಪೆ, ಅಣಬೆ ತೆಗೆಯುತ್ತೇನೆಂದು 100 ಎಂಎಂ ಮ್ಯಾಕ್ರೊ ಕೊಂಡವರು ಆಗುಂಬೆಗೆ ಹೋಗುವುದಿಲ್ಲ. ಆಗುಂಬೆಯೇ ಅವರ ಲೆನ್ಸಿನೊಳಗೆ ಬಂದು ಬೆಳೆಯುತ್ತದೆ. ಆಗ ತೇವಾಂಶವನ್ನು ನೂರಕ್ಕೆ 45ರ ಆಸುಪಾಸಿನಲ್ಲಿ ಇಡುವ ಡ್ರೈ ಕ್ಯಾಬಿನೆಟ್ ಬರುತ್ತದೆ. ಮನೆಯ ಹಪ್ಪಳ ಬೂಸ್ಟು ಹಿಡಿಯುತ್ತಿರುತ್ತದೆ, ಅತ್ತೆಯ ಸೀರೆ ಮುಗ್ಗಲು ವಾಸನೆ ಹೊಡೆಯುತ್ತಿರುತ್ತದೆ. ಲೆನ್ಸುಗಳು ಮಾತ್ರ ದಿನದ 24 ಗಂಟೆ ಕರೆಂಟಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ನಿವೃತ್ತಿ ಜೀವನ ನಡೆಸುತ್ತವೆ.

ನಮ್ಮವರೇ ಆದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಕಾಡಿನ ಚಿತ್ರಗಳಿಂದ ಹೆಸರು ಮಾಡಿದ್ದು ಫಿಲ್ಮಿನ ಕಾಲದಲ್ಲಿ. ಆಟೊಫೋಕಸ್ ಎಂಬುದು ಎಸ್‌ಎಲ್‌ಆರ್‌ಗಳಲ್ಲಿ ಬಳಕೆಗೆ ಬಂದದ್ದೇ 1985ರ ಆಸುಪಾಸಿಗೆ. ಒಂದು ರೋಲಿಗೆ 36 ಚಿತ್ರ, ತೆಗೆದದ್ದು ಬಂತೋ ಇಲ್ಲವೋ ತೊಳೆದ ಮೇಲೇ ಗೊತ್ತು. ಅವರೂ ಟೆಲಿ ಬೇಕಾದ ಕಡೆ ಟೆಲಿ ಹಿಡಿದವರೇ, ವೈರಾಗಿಗಳೇನಲ್ಲ. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಒಳ್ಳೆಯ ವನ್ಯಜೀವಿ ಛಾಯಾಗ್ರಾಹಕರೂ ಹೌದು. ತೇಜಸ್ವಿ ಮೂಡಿಗೆರೆಯ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದರು. ಪ್ಯಾರಿಸ್ಸಿನ ಬೀದಿ ಸುತ್ತಿದ ಕಾರ್ತಿಯೇ-ಬ್ರೆಸಾನ್ ಬಹುತೇಕ ಒಂದೇ 50 ಎಂಎಂನಲ್ಲಿ ಕೆಲಸ ಮುಗಿಸಿದ. ಇವರೆಲ್ಲರ ಬಳಿ ಇದ್ದು, ಇಂದಿನ ಲೆನ್ಸ್ ಒಡೆಯರ ಬಳಿ ಇಲ್ಲದ ಸಾಮಾನು ಒಂದೇ: ಬಿಡುವು. ಗೂಡಿನ ಎದುರು ಮರೆ ಕಟ್ಟಿಕೊಂಡು ಕೂರುವ, ಬರಿಗೈಯಲ್ಲಿ ಮನೆಗೆ ಬಂದು ಮರುದಿನ ಮತ್ತೆ ಹೋಗುವ ಬಿಡುವು.

ಅಂಗಡಿಯವನು ಗಾಜಿನ ನೆಪದಲ್ಲಿ ಮಾರುವುದು ಆ ಬಿಡುವಿನ ಆಸೆಯನ್ನೇ. 16-35 ಕೊಳ್ಳುವವನು ರಾತ್ರಿ ಮೂರಕ್ಕೆದ್ದು ಕ್ಷೀರಪಥ ತೆಗೆಯುವ ತನ್ನನ್ನು ಕಾಣುತ್ತಾನೆ. ಮ್ಯಾಕ್ರೊದವನು ಮಳೆಯಲ್ಲಿ ಕಪ್ಪೆಯ ಮುಂದೆ ಮೊಣಕಾಲೂರಿದ ತನ್ನನ್ನು ಕಾಣುತ್ತಾನೆ. 600ರವನು ವಾರಗಟ್ಟಲೆ ಕಾಡಿನಲ್ಲಿರುವ ತನ್ನನ್ನು ಕಾಣುತ್ತಾನೆ. ಲೆನ್ಸ್ ಕೈಗೆ ಬಂದ ಮೇಲೆ ಅದರ ಕಂತು ತೀರಿಸಲು ಶನಿವಾರವೂ ಕೆಲಸ. ಶನಿವಾರವೂ ಕೆಲಸವಾದ್ದರಿಂದ ಕಬಿನಿ ಮುಂದಕ್ಕೆ. ಕಬಿನಿ ಮುಂದಕ್ಕೆ ಹೋದ ಬೇಸರ ಕಳೆಯಲು ಇನ್ನೊಂದು ಲೆನ್ಸ್.

ಇದರಿಂದ ಹೊರಬರಲು ಗುರುವೂ ಬೇಡ, ವಿಮರ್ಶೆಯ ವಿಡಿಯೊವೂ ಬೇಡ. ಕಳೆದ ವರ್ಷ ನೀವು ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಯಾವ ಚಿತ್ರ ಎಷ್ಟು ಎಂಎಂನದು ಎಂದು ಪ್ರತಿ ಫೈಲಿನಲ್ಲೂ ಬರೆದಿರುತ್ತದೆ. ನಿಮಗೆ ಇಷ್ಟವಾದವನ್ನು ಮಾತ್ರ ಆರಿಸಿ ಲೆಕ್ಕ ಹಾಕಿ. ಯಾವ ಅಂಕಿ ಮತ್ತೆ ಮತ್ತೆ ಬರುತ್ತದೋ ಆ ಅಳತೆಯಲ್ಲಿ ನಿಮ್ಮ ಶಕ್ತಿಗೆ ತಕ್ಕ ಒಳ್ಳೆಯ ಲೆನ್ಸ್ ಕೊಂಡುಕೊಳ್ಳಿ. ಊರು, ಬೀದಿ, ಮನೆಮಂದಿಗೆ ಒಂದು 35 ಅಥವಾ 50 ಸಾಕು. ಮದುವೆ, ಜಾತ್ರೆಗೆ 24-70. ಹಕ್ಕಿ, ಪ್ರಾಣಿಯ ಹುಚ್ಚಿದ್ದರೆ 100-400. ಮನೆಯಿಂದ ಹೊರಡುವಾಗ ಇವುಗಳಲ್ಲಿ ಒಂದನ್ನು ಕ್ಯಾಮೆರಾಕ್ಕೆ ಹಾಕಿ, ಉಳಿದವನ್ನು ಮನೆಯಲ್ಲೇ ಬಿಟ್ಟುಹೋಗಿ. ಬಿಟ್ಟುಬಂದದ್ದಕ್ಕೆ ಒಂದೆರಡು ಚಿತ್ರ ತಪ್ಪುತ್ತವೆ. ಹೊತ್ತು ತಂದಿದ್ದರೆ ತಪ್ಪುತ್ತಿದ್ದವು ಅದಕ್ಕಿಂತ ಹೆಚ್ಚು.

ಇಷ್ಟಾದ ಮೇಲೂ 600 ಬೇಕೇ ಬೇಕು ಎನ್ನುವವರು ಅಂಗಡಿಗೆ ಹೋಗುವ ಮೊದಲು ಆಫೀಸಿಗೆ ಹೋಗಿ ಒಂದು ವಾರದ ರಜೆಗೆ ಅರ್ಜಿ ಹಾಕಲಿ. ಮಂಜೂರಾದರೆ ಲೆನ್ಸಿನ ಚಿಂತೆ ಬೇಡ, ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ. ಮಂಜೂರಾಗದಿದ್ದರೆ ಹತ್ತು ಲಕ್ಷ ಉಳಿಯಿತು.