ಬಿಡೆ ಬಿಟ್ಟು ಒಂದು ಮಾತು

ಬೆಂಗಳೂರಿನಿಂದ ಬಂದ ಭಾವ ಮೊದಲ ದಿನ ಬೆಳಿಗ್ಗೆ ಬಚ್ಚಲಿಗೆ ಹೋದವರು ಹೋದಷ್ಟೇ ವೇಗವಾಗಿ ಹೊರಗೆ ಬಂದರು. “ಏನೋ ಇದು, ನಿಮ್ಮಲ್ಲಿ ಜೆಟ್ಟೇ ಇಲ್ವಲ್ಲೋ!” ಎಂದರು. ನಮ್ಮ ಚೆನ್ನೈನ ಕಾಸಿಮೇಡಿನಲ್ಲಿ ಮೀನುಗಾರರ ಲಾಂಚುಗಳು ಮಾತ್ರ ಭಾವ, ಜೆಟ್ ಬೇಕಿದ್ದರೆ ಮೀನಂಬಾಕದ ವಿಮಾನ ನಿಲ್ದಾಣಕ್ಕೆ ಹೋಗಬೇಕು ಎನ್ನಬಹುದಿತ್ತು. ಅನ್ನಲಿಲ್ಲ. ಭಾವನ ಮುಂದೆ ಜೋಕು ಹೊಡೆಯುವ ಹಕ್ಕು ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಬಕೆಟ್ಟನ್ನೂ ಅದರಲ್ಲಿ ತೇಲುತ್ತಿದ್ದ ಕೆಂಪು ಮಗ್ಗನ್ನೂ ತೋರಿಸಿದೆ. ವಸ್ತುಸಂಗ್ರಹಾಲಯದಲ್ಲಿ ಶಿಲಾಯುಗದ ಕೊಡಲಿ ನೋಡುವಂತೆ ಅದನ್ನು ನೋಡಿ, “ಇನ್ನೂ ಚೊಂಬಿನ ಕಾಲದಲ್ಲೇ ಇದ್ದೀಯ” ಎಂದು ತೀರ್ಪು ಕೊಟ್ಟರು.

ಚೊಂಬಿಗೆ ಕನ್ನಡದಲ್ಲಿ ಎಂದೂ ಮರ್ಯಾದೆ ಇರಲಿಲ್ಲ, ಬಿಡಿ. ಕೈಗೆ ಚೊಂಬು ಕೊಟ್ಟ ಅಂದರೆ ಮೋಸ ಮಾಡಿದ ಅಂತಲೇ ಅರ್ಥ. 2024ರ ಲೋಕಸಭಾ ಚುನಾವಣೆಯಲ್ಲಂತೂ ಅದು ಪತ್ರಿಕೆಗಳ ಜಾಹೀರಾತಿಗೇ ಏರಿತು. ಯಾರು ಯಾರಿಗೆ ಚೊಂಬು ಕೊಟ್ಟರು ಎಂಬ ಬಗ್ಗೆ ಪಕ್ಷಗಳು ವಾರಗಟ್ಟಲೆ ಜಗಳವಾಡಿದವು. ಅಂಥ ಪಾತ್ರೆಯ ಪರವಾಗಿ ಭಾವನೆದುರು ವಾದಿಸುವ ಧೈರ್ಯ ನನಗೆಲ್ಲಿಂದ ಬರಬೇಕು? ಅವತ್ತೇ ಜೆಟ್ ತರಲು ಪ್ಯಾರಿಸ್ ಕಾರ್ನರಿನ ಅಂಗಡಿಗಳ ಕಡೆ ಹೊರಟೆ.

ಅಂಗಡಿಯಲ್ಲಿ ಆ ವಸ್ತುವಿನ ಹೆಸರು ‘ಹೆಲ್ತ್ ಫಾಸೆಟ್’. ಆರೋಗ್ಯದ ನಲ್ಲಿ! ಯಾವ ಅಂಗದ ಆರೋಗ್ಯ ಎಂದು ಡಬ್ಬಿಯ ಮೇಲೆ ಎಲ್ಲೂ ಬರೆದಿಲ್ಲ. ಫ್ರೆಂಚರು ಇದರ ಮೂಲಪುರುಷನನ್ನು ‘ಬಿಡೆ’ ಅನ್ನುತ್ತಾರೆ. ಅವರ ಭಾಷೆಯಲ್ಲಿ ಅದು ಕುಳ್ಳ ಕುದುರೆ. ಕೂರುವ ಭಂಗಿಯಿಂದ ಬಂದ ಹೆಸರು. ನಮ್ಮಲ್ಲಿ ಬಿಡೆ ಅಂದರೆ ಸಂಕೋಚ. ಇಟಲಿಯಲ್ಲಿ 1975ರ ಸರ್ಕಾರಿ ಆದೇಶದ ಪ್ರಕಾರ ಪ್ರತಿ ಮನೆಯ ಒಂದು ಬಚ್ಚಲಲ್ಲಾದರೂ ಬಿಡೆ ಇರಲೇಬೇಕು. ನಮ್ಮಲ್ಲಿ ಆದೇಶವೇ ಬೇಡ, ಎಲ್ಲ ಬಚ್ಚಲಲ್ಲೂ ಬಿಡೆ ಇದೆ. ಅದಕ್ಕೇ ಆ ಕೋಣೆಯಲ್ಲಿ ಪೈಪು ಹೇಗೆ ಓಡಿದೆ, ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನು ಇಂದು ಬಿಡೆ ಬಿಟ್ಟು ಬರೆಯುತ್ತಿದ್ದೇನೆ. ಊಟದ ಹೊತ್ತಿನಲ್ಲಿ ಓದುತ್ತಿದ್ದರೆ ಕ್ಷಮಿಸಿ.

ಪ್ಲಂಬರ್ ಬಂದ. ಕೈಯಲ್ಲಿ ಪೈಪ್ ರೆಂಚು, ಜೇಬಿನಲ್ಲಿ ಟೆಫ್ಲಾನ್ ಟೇಪು, ಬಾಯಲ್ಲಿ ಒಂದೇ ಮಂತ್ರ: “ಒಣ್ಣುಂ ಆವಾದು ಸಾರ್.” ಏನೂ ಆಗಲ್ಲ. ಈ ದೇಶದ ಅತಿ ದೊಡ್ಡ ಸೇತುವೆಯಿಂದ ಅತಿ ಸಣ್ಣ ವಾಷರಿನವರೆಗೆ ಎಲ್ಲವೂ ನಿಂತಿರುವುದು ಈ ಮಂತ್ರದ ಮೇಲೆಯೇ.

ನಮ್ಮ ನೀರಿನ ಭೂಗೋಳ ಸ್ವಲ್ಪ ಹೇಳಬೇಕು. ನಾವಿರುವುದು ನೆಲಮಾಳಿಗೆಯಂಥ ಕೆಳಗಿನ ಮನೆ, ಓನರ್ ಮೇಲಿನ ಮನೆ, ಅದರ ಮೇಲೆ ಸಿಂಟೆಕ್ಸ್ ಟ್ಯಾಂಕು. ಟ್ಯಾಂಕಿನಲ್ಲಿರುವುದು ಬೋರ್‌ವೆಲ್ಲಿನ ಉಪ್ಪುನೀರು ಮತ್ತು ಲಾರಿ ನೀರಿನ ಸಮ್ಮಿಶ್ರ ಸರ್ಕಾರ. ಕುಡಿಯುವ ನೀರಿನ ಖಾತೆ ಬೇರೆ. ಅದಕ್ಕೆ ಬಾಗಿಲ ಪಕ್ಕ, ಬೀದಿಯ ಮೆಟ್ರೋ ವಾಟರ್, ಅಂದರೆ ನಗರದ ಜಲಮಂಡಳಿಯ, ಪೈಪಿಗೆ ಸೇರಿಸಿದ ಕೈ ಪಂಪು. ನೀರು ಬಿಟ್ಟಾಗ ಬೀದಿಯುದ್ದಕ್ಕೂ ಕಟಕ್ ಕಟಕ್ ಸದ್ದು, ಪ್ಲಾಸ್ಟಿಕ್ ಕೊಡಗಳ ಸಾಲು. ಪೈಪಿನಲ್ಲಿ ನೀರಿಗೆ ತಾನಾಗಿ ಮೇಲೆ ಬರುವ ಉತ್ಸಾಹ ಹೆಚ್ಚು ಹೊತ್ತು ಇರುವುದಿಲ್ಲ. ಆಮೇಲೆ ಹೆಂಗಸರ ತೋಳಬಲದಿಂದ ಎಳೆಸಿಕೊಂಡೇ ಬರುತ್ತದೆ.

ನಮ್ಮ ಶೌಚಾಲಯ ಆ ಪಂಪಿನಿಂದ ಎರಡೇ ಅಡಿ ದೂರ. ಟ್ಯಾಂಕಿನ ದೊಡ್ಡ ಲೈನು ಇರುವುದು ಎದುರು ಗೋಡೆಯಲ್ಲಿ, ಹನ್ನೆರಡು ಅಡಿ ದೂರ. ಹನ್ನೆರಡು ಅಡಿ ಗೋಡೆ ಒಡೆಯುವುದು ಯಾವ ಮೂರ್ಖನಿಗೆ ಬೇಕು? ಪ್ಲಂಬರ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ‘ಟಿ’ ಬರೆದ. ಮೆಟ್ರೋ ಲೈನಿನಿಂದ ಒಂದು ಕವಲು, ಈಗಾಗಲೇ ಫ್ಲಶ್ ಟ್ಯಾಂಕಿಗೆ ಬಂದಿರುವ ತೆಳು ಟ್ಯಾಂಕ್ ಲೈನಿನಿಂದ (ಅದೊಂದೇ ಜೆಟ್ಟಿಗೆ ಸಾಲದು) ಒಂದು ಕವಲು, ಎರಡಕ್ಕೂ ಒಂದೊಂದು ವಾಲ್ವು. ಮೆಟ್ರೋ ಬಂದಾಗ ಮೆಟ್ರೋ, ಇಲ್ಲದಾಗ ಟ್ಯಾಂಕು. “ಒಂದು ತೆಗೆದಾಗ ಇನ್ನೊಂದು ಮುಚ್ಚಿ ಸಾರ್, ಅಷ್ಟೇ” ಎಂದ. ಓನರ್ ಮಹಡಿಯಿಂದಲೇ, “ಸೂಪರ್ ಐಡಿಯಾ” ಎಂದರು. ಭಾವ, “ನೋಡು, ಡ್ಯುಯಲ್ ಸಪ್ಲೈ” ಎಂದು ಹುಬ್ಬೇರಿಸಿದರು. ಇಂಗ್ಲಿಷ್ ಹೆಸರು ಸಿಕ್ಕಿದ ಮೇಲೆ ತಪ್ಪು ಕೂಡ ತಂತ್ರಜ್ಞಾನವಾಗುತ್ತದೆ.

ಆಗ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಪಕ್ಕದ ಮನೆಯ ಲಾಂಚ್ ಡ್ರೈವರ್. ಮೇ ತಿಂಗಳು. ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಈ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಮೀನುಗಳು ಮೊಟ್ಟೆ ಇಡಲಿ ಎಂದು ರಜೆ. ಮನುಷ್ಯರು ಮನೆಯಲ್ಲಿ ಕೂತು ಬಲೆ ಹೊಲಿಯುತ್ತ ಅಕ್ಕಪಕ್ಕದ ಪ್ಲಂಬಿಂಗ್ ನೋಡುತ್ತಾರೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ನಾವು ಬ್ಯಾರಲ್ಲಿನಿಂದ ಡೀಸೆಲ್ ಹೇಗೆ ತೆಗೀತೀವಿ, ಗೊತ್ತಾ?”

ಗೊತ್ತಿಲ್ಲದವರು ಕಾಸಿಮೇಡಿನಲ್ಲಿ ಯಾರಿದ್ದಾರೆ? ಬ್ಯಾರಲ್ಲಿಗೆ ಟ್ಯೂಬಿನ ಒಂದು ತುದಿ, ಬಾಯಿಗೆ ಇನ್ನೊಂದು. ಒಂದು ಸಲ ಎಳೆದರೆ ಸಾಕು. ಡೀಸೆಲ್ ಬ್ಯಾರಲ್ಲಿನ ಗೋಡೆ ಹತ್ತಿ ಇಳಿದು ಬರುತ್ತದೆ. ಸಮಯಕ್ಕೆ ಸರಿಯಾಗಿ ಟ್ಯೂಬನ್ನು ಬಾಯಿಂದ ತೆಗೆಯದಿದ್ದರೆ ಅವತ್ತಿನ ತಿಂಡಿಯೂ ಡೀಸೆಲ್ಲೇ. “ಈ ಬೀದಿಯಲ್ಲಿ ಪೈಪು ಒಂದೇ. ನೀರು ನಿಂತ ಮೇಲೂ ಹತ್ತು ಮನೆಯವರು ಪಂಪು ಒತ್ತಿ ಎಳೀತಾನೇ ಇರ್ತಾರೆ. ನಿಮ್ಮ ಜೆಟ್ಟು ಬಕೆಟ್ಟಿನಲ್ಲಿ ಮುಳುಗಿರುತ್ತೆ, ವಾಷರ್ ಸವೆದಿರುತ್ತೆ, ವಾಲ್ವು ಮುಚ್ಚೋಕೆ ಮರೆತಿರ್ತೀರಿ. ಈಗ ಹೇಳಿ, ಬಕೆಟ್ಟು ಯಾವುದು, ಬಾಯಿ ಯಾರದು?”

ಯಾರೂ ಮಾತಾಡಲಿಲ್ಲ. ಬಾಯಿ ಅವರ ಮನೆಯದೇ. ನಮ್ಮ ಹಿಂದಿನ ನೀರು ಅವರ ಮುಂದಿನ ಕೊಡಕ್ಕೆ.

ಇಷ್ಟನ್ನೇ ಹೇಳಲು ದಪ್ಪ ಪುಸ್ತಕಗಳಿವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 9ನೇ ಭಾಗ ಪ್ಲಂಬಿಂಗಿನದು. ಕುಡಿಯುವ ನೀರಿನ ಪೈಪನ್ನು ಬೇರೆ ನೀರಿನ ಪೈಪಿಗೆ ಜೋಡಿಸಬಾರದು, ನಡುವೆ ವಾಲ್ವು ಇಟ್ಟೂ ಜೋಡಿಸಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠ. ವಾಲ್ವಿಗೆ ನೆನಪಿನ ಶಕ್ತಿ ಇಲ್ಲ, ಮುಚ್ಚಬೇಕಾದವನಿಗೂ ಇಲ್ಲ. ಬ್ರಿಟನ್ನಿನ 1999ರ ನಿಯಮಗಳು ನೀರನ್ನು ಐದು ವರ್ಗ ಮಾಡಿವೆ: ಕುಡಿಯುವ ನೀರು 1ನೇ ವರ್ಗ, ಕಮೋಡಿನ ನೀರು 5ನೆಯದು. ಕಮೋಡಿಗೆ ಎಟಕುವ ಜೆಟ್ಟಿನ ವಿಷಯದಲ್ಲಿ ಅವರು ಒಂದು ಚೆಕ್ ವಾಲ್ವನ್ನೂ ನಂಬುವುದಿಲ್ಲ. ಮೇನ್ ಪೈಪಿಗೂ ಜೆಟ್ಟಿಗೂ ನಡುವೆ ಒಂದು ತೊಟ್ಟಿ, ಆ ತೊಟ್ಟಿಗೆ ನೀರು ಮೇಲಿನಿಂದ ಗಾಳಿಯಲ್ಲಿ ಬೀಳಬೇಕು. ಗಾಳಿಯನ್ನು ದಾಟಿ ಕೊಳಕು ವಾಪಸ್ ಹತ್ತಲಾರದು.

ಬ್ರಿಟಿಷರಿಗೆ ಹುಚ್ಚೇನೂ ಹಿಡಿದಿಲ್ಲ. 1933ರ ವಿಶ್ವ ಮೇಳಕ್ಕೆಂದು ಷಿಕಾಗೋಗೆ ಹೋದವರು ಎರಡು ಹೋಟೆಲುಗಳಲ್ಲಿ ಇಳಿದರು. ಅಲ್ಲಿ ಕುಡಿಯುವ ನೀರಿನ ಪೈಪಿಗೂ ಕೊಳಕು ನೀರಿನ ಪೈಪಿಗೂ ಒಳಗೊಳಗೇ ನೆಂಟಸ್ತನ ಬೆಳೆದಿತ್ತು. ಸುಮಾರು 1,400 ಜನಕ್ಕೆ ಅಮೀಬಾ ಆಮಶಂಕೆ, 98 ಸಾವು. ಅವರಲ್ಲಿ ಎಷ್ಟೋ ಜನ ಊರಿಗೆ ಮರಳಿದ ಮೇಲೆ ಕಾಯಿಲೆ ಬಿದ್ದರು. ಅಲ್ಲಿನ ಪ್ಲಂಬರನೂ ಏನೂ ಆಗಲ್ಲ ಸಾರ್ ಎಂದಿರಬೇಕು, ಇಂಗ್ಲಿಷಿನಲ್ಲಿ.

ಈಗ ತಮಾಷೆ ನೋಡಿ. ಬ್ರಿಟನ್ನು ಕಾನೂನು ಮಾಡಿ ಕಡ್ಡಾಯ ಮಾಡಿದ ತೊಟ್ಟಿಯನ್ನು ಚೆನ್ನೈ ಬರದ ದೆಸೆಯಿಂದಲೇ ಪ್ರತಿ ತಾರಸಿಗೂ ಏರಿಸಿದೆ. 2019ರ ಬೇಸಿಗೆಯಲ್ಲಿ ಪುಳಲ್, ಚೋಳವರಂ, ಪೂಂಡಿ, ಚೆಂಬರಂಬಾಕಂ ನಾಲ್ಕೂ ಕೆರೆ ಒಣಗಿ, ಜುಲೈ 12ರಂದು ಜೋಲಾರಪೇಟೆಯಿಂದ 50 ವ್ಯಾಗನ್ನಿನ ರೈಲಿನಲ್ಲಿ 25 ಲಕ್ಷ ಲೀಟರ್ ನೀರು ಬಂತು. ಅದು ಕಾವೇರಿ ನೀರು. ಕೊಡಗಿನಲ್ಲಿ ಹುಟ್ಟಿದ ತಾಯಿ ರೈಲು ಹತ್ತಿ ಬಂದಳು ಎಂದು ನಾನು ಕಣ್ಣೊರೆಸಿಕೊಂಡಿದ್ದೆ. ಅವಳನ್ನು ಯಾವ ಕೆಲಸಕ್ಕೆ ಬಳಸುತ್ತೇವೆ ಎಂದು ಯೋಚಿಸಿರಲಿಲ್ಲ. ಇತ್ತ ಉತ್ತರ ಚೆನ್ನೈಗಾಗಿ ಮೀಂಜೂರಿನಲ್ಲಿ ಸಮುದ್ರದ ನೀರಿನಿಂದ ದಿನಕ್ಕೆ 10 ಕೋಟಿ ಲೀಟರ್ ಸಿಹಿನೀರು ತೆಗೆಯುವ ಸ್ಥಾವರ 2010ರಲ್ಲಿ ಶುರುವಾಯಿತು. ಕರೆಂಟು ಸುಟ್ಟು, ಪೊರೆಯಲ್ಲಿ ಸೋಸಿ, ಉಪ್ಪು ತೆಗೆದ ಆ ನೀರನ್ನು ಭಾವನವರ ಸೇವೆಗೆ ನೇರ ಒಪ್ಪಿಸುವುದಿತ್ತು ನಮ್ಮ ಡ್ಯುಯಲ್ ಸಪ್ಲೈ. ಉಪ್ಪುನೀರಿನಿಂದ ಆ ಜಾಗಕ್ಕೆ ಏನೂ ನಷ್ಟವಿಲ್ಲ.

ಹನ್ನೆರಡು ಅಡಿ ಗೋಡೆ ಒಡೆಸಿದೆ. ಖರ್ಚು ಮೂರು ಪಟ್ಟಾಯಿತು. ನೀರು ಹಿಂದಕ್ಕೆಳೆಯದಂತೆ ತಡೆಯುವ ವ್ಯಾಕ್ಯೂಮ್ ಬ್ರೇಕರ್ ಇದೆಯಾ ಎಂದು ಅಂಗಡಿಯಲ್ಲಿ ಕೇಳಿದ್ದಕ್ಕೆ ಹುಡುಗ ವ್ಯಾಕ್ಯೂಮ್ ಕ್ಲೀನರ್ ತೋರಿಸಿದ. ಕೊನೆಗೆ ಒಂದು ಎನ್‌ಆರ್‌ವಿ ಸಿಕ್ಕಿತು. ಅಂದರೆ ಹೋದ ನೀರನ್ನು ಹಿಂದಕ್ಕೆ ಬಿಡದ ವಾಲ್ವು, ಕೆಲವು ಸಾಲಗಾರರ ಸ್ವಭಾವದ್ದು. ಅಡುಗೆಮನೆಗೂ ಅದೇ ಟ್ಯಾಂಕಿನಿಂದ ನೀರು ಹೋಗುವುದರಿಂದ ಅದು ಬೇಕೇ ಬೇಕು.

ಉಳಿದದ್ದು ಕೈಚಳಕ. ಗೋಡೆಯಲ್ಲಿ ನೀರು ಬಿಡುವ, ಮುಚ್ಚುವ ಅರ್ಧ ಇಂಚಿನ ಆಂಗಲ್ ಕಾಕು, ಅದರ ಥ್ರೆಡ್ಡಿಗೆ ಟೆಫ್ಲಾನ್ ಟೇಪು. ಟೇಪನ್ನು ಥ್ರೆಡ್ಡು ಸುತ್ತಿಕೊಂಡು ಹೋಗುವ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಂಡು ಬರುತ್ತದೆ. ಹೋಸಿನ ನಟ್ಟಿನೊಳಗೆ ರಬ್ಬರ್ ವಾಷರ್ ಇದೆ, ಅಲ್ಲಿ ಟೇಪು ಬೇಡ; ಕೈಯಲ್ಲಿ ಬಿಗಿದು ಮೇಲೆ ಕಾಲು ಸುತ್ತು ಸಾಕು. ನಮ್ಮವನು ರೆಂಚು ಹಾಕಿ ಶತ್ರುವಿನ ಕತ್ತು ತಿರುಚುವಂತೆ ತಿರುಚಿದ. ವಾಷರ್ ಸೀಳಿತು, ಹೊಳೆಯುವ ನಟ್ಟಿನ ಮೇಲೆ ಹಲ್ಲಿನ ಗುರುತು ಬಿತ್ತು. ಕೊಕ್ಕೆಯನ್ನು ಕೈಗೆ ಸಿಗುವಷ್ಟು ಕೆಳಗೆ ಹೊಡೆಯಲು ಹೊರಟವನನ್ನು ತಡೆದೆ. ಜೆಟ್ಟು ಜಾರಿ ಬಿದ್ದರೂ ಕಮೋಡಿನೊಳಗೆ, ಬಕೆಟ್ಟಿನೊಳಗೆ ಮೂತಿ ಹಾಕದಷ್ಟು ಮೇಲಿರಬೇಕು ಕೊಕ್ಕೆ, ಗಿಡ್ಡವಿರಬೇಕು ಹೋಸು.

ಭಾವ ಉದ್ಘಾಟನೆ ಮಾಡಿದರು. ಎರಡು ದಿನ ಸುಖವಾಗಿ ಕಳೆದವು. ಮೂರನೆಯ ದಿನ ಬೆಳಗಿನ ಶತಾಬ್ದಿ ಹಿಡಿಯುವ ಆತುರದಲ್ಲಿ ಆಂಗಲ್ ಕಾಕು ಮುಚ್ಚದೆ ಹೋದರು. ಜೆಟ್ಟಿನ ಗುಂಡಿ ಬಿಟ್ಟರೆ ನೀರು ನಿಂತಂತೆ ಕಾಣುತ್ತದೆ, ಅಷ್ಟೇ. ಟ್ಯಾಂಕಿನ ಒತ್ತಡವೆಲ್ಲ ಆ ತೆಳು ಹೋಸಿನ ಎದೆಯ ಮೇಲೆ ಕೂತಿರುತ್ತದೆ. ಮಧ್ಯಾಹ್ನ ನಾವಿಲ್ಲದಾಗ ಹೋಸು ಸೀಳಿತು. ಸಾವಿರ ಲೀಟರ್ ಟ್ಯಾಂಕು ಖಾಲಿ, ಹಾಲಿನಲ್ಲಿ ಚಪ್ಪಲಿಗಳು ಲಾಂಚಿನಂತೆ ತೇಲುತ್ತಿದ್ದವು. ಓನರ್ ಮಹಡಿಯಿಂದ ಇಳಿದು ಬಂದದ್ದು ಅದೇ ಮೊದಲು. ಭಾವನಿಗೆ ಫೋನ್ ಮಾಡಿದರೆ, “ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಂದೂ ಹೀಗಾಗಿಲ್ಲಪ್ಪ” ಎಂದರು.

ಮಗ್ಗು ಆ ಪ್ರವಾಹದಲ್ಲೂ ತೇಲುತ್ತಿತ್ತು. ಅದಕ್ಕೆ ಹೋಸಿಲ್ಲ, ವಾಷರಿಲ್ಲ, ಒತ್ತಡವಿಲ್ಲ. ನಲ್ಲಿಗೂ ಅದಕ್ಕೂ ನಡುವೆ ಬ್ರಿಟನ್ನಿನ ಕಾನೂನು ಬೇಡುವ ಗಾಳಿ ಪುಕ್ಕಟೆಯಾಗಿ ಇದೆ. ಅದರಿಂದ ನೀರು ಬೀದಿಯ ಪೈಪಿಗೆ ವಾಪಸ್ ಹೋಗಬೇಕಾದರೆ ಭೌತಶಾಸ್ತ್ರವೇ ರಾಜೀನಾಮೆ ಕೊಡಬೇಕು. ಹಾಗೆಂದು ಜೆಟ್ ಬೇಡ ಎನ್ನುವವನಲ್ಲ ನಾನು. ಮಂಡಿ ನೋವಿನವರಿಗೆ, ಬಾಣಂತಿಯರಿಗೆ, ಬಗ್ಗಲಾಗದ ಹಿರಿಯರಿಗೆ ಅದು ನಿಜಕ್ಕೂ ಆರೋಗ್ಯದ ನಲ್ಲಿಯೇ. ಹೊಸ ಹೋಸು ತಂದಿದ್ದೇನೆ, ಈ ಸಲ ಸ್ಟೀಲ್ ಹೆಣಿಗೆಯದು.

ನಿಮ್ಮಲ್ಲೊಂದು ಕೋರಿಕೆ. ಇದನ್ನು ಮಡಚಿಟ್ಟು ಒಮ್ಮೆ ಎದ್ದು ಹೋಗಿ, ನಿಮ್ಮ ಮನೆಯ ಜೆಟ್ಟಿನ ಆಂಗಲ್ ಕಾಕು ತಿರುಗಿಸಿ ಮುಚ್ಚಿ ಬನ್ನಿ. ತಿರುಗದೆ ಬಿಗಿದುಕೊಂಡಿದ್ದರೆ, ಹಾಕಿಸಿದ ದಿನದಿಂದ ಅದನ್ನು ಯಾರೂ ಮುಚ್ಚಿಲ್ಲ ಎಂದರ್ಥ.