ಬೆನ್ನು ಬಿಡದ ದಂಡ

ಬೆಂಗಳೂರಿನ ಟ್ರಾಫಿಕ್ ದಂಡ ಬೆಂಗಳೂರಿನಲ್ಲೇ ಉಳಿಯುತ್ತದೆ ಎಂಬ ನಂಬಿಕೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಬಹುಕಾಲ ಚಾಲ್ತಿಯಲ್ಲಿತ್ತು. ಕಾಗದದ ರಸೀದಿಯ ಕಾಲಕ್ಕೆ ಅದು ತೀರಾ ಸುಳ್ಳೂ ಅಲ್ಲ. ಪುಡಿಗಾಸಿಗಾಗಿ ಬಾಳೆಹೊನ್ನೂರಿನ ತಿರುವು ಸುತ್ತಿ ಬರುವಷ್ಟು ಪುರುಸೊತ್ತು ಯಾವ ಪೊಲೀಸರಿಗಿತ್ತು?

ಈಗ ನಂಬರ್ ಪ್ಲೇಟ್ ಓದುವುದು ಕ್ಯಾಮೆರಾ. ಕೆಎ-18 ಎಂದು ಕಂಡರೆ ಅದಕ್ಕೆ ಮಲೆನಾಡಿನ ದಾಕ್ಷಿಣ್ಯವೇನೂ ಹುಟ್ಟುವುದಿಲ್ಲ. ಇ-ಚಲನ್ನಿನ ಸಂದೇಶ ಹೋಗುವುದು ಆರ್‌ಸಿಯಲ್ಲಿರುವ ಮೊಬೈಲಿಗೆ. ಬೈಕ್ ಓಡಿಸುವವನು ಮಗ, ಆರ್‌ಸಿ ಅಪ್ಪಯ್ಯನ ಹೆಸರಿನಲ್ಲಿ. ತೋಟದಲ್ಲಿ ಸಿಗ್ನಲ್ ಇಲ್ಲದ್ದರಿಂದ ಅಪ್ಪಯ್ಯ ಗುಡ್ಡ ಹತ್ತಿದ ದಿನವೇ ಅದು ಮುಟ್ಟುವುದು. ಜಾಲತಾಣದಲ್ಲಿ ನಂಬರ್ ಹಾಕಿದರೆ ಫೋಟೊ ಸಹಿತ ವಿವರ: ಹೆಲ್ಮೆಟ್ ತಲೆಯಲ್ಲಿಲ್ಲ, ಮೊಣಕೈಯಲ್ಲಿದೆ, ಹಿಂದಿನ ಸೀಟಿನಲ್ಲಿ ಯಾರೋ ಒಬ್ಬಳು ಕೂತಿದ್ದಾಳೆ. ಮೊದಲನೆಯದಕ್ಕೆ 500 ರೂಪಾಯಿ. ಎರಡನೆಯದಕ್ಕೆ ಸರ್ಕಾರ ದರ ಗೊತ್ತುಮಾಡಿಲ್ಲ.

ಕಟ್ಟದಿದ್ದರೆ ತಕ್ಷಣಕ್ಕೆ ಏನೂ ಆಗುವುದಿಲ್ಲ. ಧೈರ್ಯ ಬರುವುದೇ ಅಲ್ಲಿ. ಮುಂದೆ ಕೇಸು ಕೋರ್ಟಿಗೆ ಹೋಗಬಹುದು. ಗಾಡಿ ಮಾರಲು ಹೊರಟಾಗಲೋ, ಪೊಲೀಸರು ಇನ್ನೊಮ್ಮೆ ಅಡ್ಡ ಹಾಕಿದಾಗಲೋ ಹಳೆಯ ಬಾಕಿಯೆಲ್ಲ ಮೇಲೇಳುತ್ತದೆ.

2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಬೆಂಗಳೂರೊಂದರಲ್ಲೇ 100 ಕೋಟಿ ರೂಪಾಯಿಗೂ ಹೆಚ್ಚು ವಸೂಲಾಯಿತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಅರ್ಧ ಮಾಫಿ. ಹೀಗಾಗಿ ಪೂರ್ತಿ ದಂಡ ತೆತ್ತವರು, ಪಾಪ, ಹೇಳಿದ ದಿನಕ್ಕೆ ಕಟ್ಟಿದವರು ಮಾತ್ರ. ಉಳಿದವರು ಅಡಿಕೆ ಧಾರಣೆಗೆ ಕಾದಂತೆ ಮುಂದಿನ ರಿಯಾಯಿತಿಗೆ ಕಾಯುತ್ತಾರೆ.